ತುದಿ ಹಿಡಿಯುವವಳು

ಆ ಬೀದಿಯಲ್ಲಿ ದೊಡ್ಡಕ್ಕ ಇಬ್ಬರ ಪಾಲಿನ ಮಾತು ಆಡುತ್ತಿದ್ದಳು. ಒಂದು ಪಾಲು ತನ್ನದು, ಇನ್ನೊಂದು ಓರಗಿತ್ತಿ ಸಣ್ಣಕ್ಕನದು. ಗಂಟಲಲ್ಲಿ ಗಡ್ಡೆ ಬೆಳೆದು, ಡಾಕ್ಟರು ಸಣ್ಣಕ್ಕನ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ ಮೇಲೆ ಅವಳಿಗೆ ಪಿಸುಮಾತು ಕೂಡ ಉಳಿದಿರಲಿಲ್ಲ. ಉಸಿರೆಲ್ಲ ಕುತ್ತಿಗೆಯ ಬುಡದಲ್ಲಿ ಮಾಡಿದ ತೂತಿನಿಂದಲೇ ಆಡಬೇಕು. ಆ ತೂತಿನ ಮೇಲೆ ಸದಾ ಒಂದು ತೆಳು ಬಿಳಿ ಬಟ್ಟೆ. ಆದರೆ ತುಟಿ, ನಾಲಗೆ, ಹುಬ್ಬು ಎಲ್ಲ ಮೊದಲಿನ ಹಾಗೆಯೇ ಇದ್ದವು, ಮೊದಲಿನಷ್ಟೇ ಚುರುಕಾಗಿ ಓಡುತ್ತಿದ್ದವು. ಆ ತುಟಿ ನೋಡಿ ಮಾತು ತಿಳಿಯಬಲ್ಲವಳು ಅಲ್ಲಿ ದೊಡ್ಡಕ್ಕ ಒಬ್ಬಳೇ.

ಅದು ಲಾಂಡ್ರಿಯಲ್ಲಿ ಕಲಿತ ವಿದ್ಯೆ. ಇಬ್ಬರೂ ಆಯುಷ್ಯದ ಬಹುಪಾಲು ದುಡಿದದ್ದು ಹೋಟೆಲುಗಳ ಬಟ್ಟೆ ಒಗೆಯುವ ಒಂದು ದೊಡ್ಡ ಲಾಂಡ್ರಿಯಲ್ಲಿ. ಒಗೆಯುವ ಯಂತ್ರಗಳ ಪಕ್ಕದಲ್ಲಿ ನಿಂತರೆ ತನ್ನ ಮಾತು ತನಗೇ ಕೇಳಿಸದು. ಹಾಗಾಗಿ ಅಲ್ಲಿನ ಹೆಂಗಸರು ದನಿ ತೆಗೆಯದೆ ಬರೀ ತುಟಿಯಾಡಿಸಿ ಹರಟುತ್ತಿದ್ದರು. ಸೂಪರ್‌ವೈಸರ್ ಸಾಹೇಬನ ಬೆನ್ನ ಹಿಂದೆ ಅವನನ್ನು ಬೈಯುವುದಕ್ಕೂ ಅದು ಅನುಕೂಲವಾಗಿತ್ತು.

ಈಗ ಅದೇ ವಿದ್ಯೆ ಸಂಸಾರ ನಡೆಸುತ್ತಿತ್ತು. ತರಕಾರಿ ಗಾಡಿ ಬಂದಾಗ ಸಣ್ಣಕ್ಕ ಒಂದು ಟೊಮೆಟೊ ಎತ್ತಿ, ಬೆಳಕಿಗೆ ಹಿಡಿದು, ತುಟಿಯಾಡಿಸುತ್ತಾಳೆ: "ಇದನ್ನ ಗಿಡದಿಂದ ಕಿತ್ತಾಗ ಇವನಿಗಿನ್ನೂ ಮೀಸೆ ಬಂದಿರ್ಲಿಲ್ಲ ಅಂತ ಹೇಳು."

ದೊಡ್ಡಕ್ಕ ಗಾಡಿಯವನ ಕಡೆ ತಿರುಗಿ, "ಸ್ವಲ್ಪ ಹೊಸದಿದ್ರೆ ಕೊಡಪ್ಪಾ ಅಂತಿದ್ದಾಳೆ" ಎನ್ನುತ್ತಾಳೆ.

"ಅಷ್ಟುದ್ದ ಬಾಯಾಡಿಸಿ ಹೇಳಿದ್ದು ಇಷ್ಟೇನಾ?" ಎಂದು ಗಾಡಿಯವನು ಇಬ್ಬರ ಮುಖವನ್ನೂ ನೋಡುತ್ತಾನೆ. ಸಣ್ಣಕ್ಕ ದೊಡ್ಡಕ್ಕನ ತೋಳು ಚಿವುಟುತ್ತಾಳೆ. ಮನೆಯೊಳಗೆ ಬಂದ ಮೇಲೆ ಅವಳ ತುಟಿ ಮತ್ತೆ ಓಡುತ್ತದೆ: "ನನ್ನ ಮಾತಿಗೆ ಸಕ್ಕರೆ ಹಾಕೋಕೆ ನಿನಗೆ ಹೇಳಿದ್ಯಾರು?"

"ನೀನು ಹೇಳಿದ್ದನ್ನ ಹಂಗೇ ಹೇಳಿದ್ರೆ ನಾಳೆಯಿಂದ ಅವನು ಈ ಬೀದಿಗೇ ಬರಲ್ಲ ಕಣೇ. ಆಮೇಲೆ ಏನು ತಿಂತೀಯಾ, ನನ್ನ ತಲೆನಾ?"

ದೊಡ್ಡಕ್ಕನದು ಮೊದಲಿನಿಂದಲೂ ಹೊಂದಿಸಿಕೊಂಡು ಹೋಗುವ ಸ್ವಭಾವ. ಅಣ್ಣತಮ್ಮಂದಿರಿಬ್ಬರಲ್ಲಿ ಹಿರಿಯವನ ಹೆಂಡತಿಯಾಗಿ ಬಂದ ದಿನದಿಂದ ಅವಳು ಮನೆಯಲ್ಲಿ ಎದ್ದ ಹೊಗೆಯನ್ನೆಲ್ಲ ಕೈಬೀಸಿ ಚದುರಿಸುತ್ತಲೇ ಬಂದವಳು. ಸಣ್ಣಕ್ಕ ಬಂದದ್ದು ಆಮೇಲೆ. ವಯಸ್ಸಿನಲ್ಲಿ ಚಿಕ್ಕವಳು, ಎತ್ತರದಲ್ಲಿ ದೊಡ್ಡವಳು. ದೊಡ್ಡಕ್ಕ ಅವಳ ಭುಜಕ್ಕೆ ಬರುತ್ತಿದ್ದಳು. ಲಾಂಡ್ರಿಗೆ ಹೊಸದಾಗಿ ಯಾರೇ ಸೇರಿದರೂ ಮೊದಲ ದಿನ ಇಬ್ಬರನ್ನೂ ಅದಲುಬದಲಾಗಿ ಕರೆದು ನಗಿಸುತ್ತಿದ್ದರು. ಇಬ್ಬರ ಗಂಡಂದಿರೂ ಈಗಿಲ್ಲ. ಸಣ್ಣಕ್ಕನಿಗೆ ಮಕ್ಕಳಾಗಲಿಲ್ಲ. ದೊಡ್ಡಕ್ಕನಿಗೆ ಒಬ್ಬ ಮಗಳು. ಮಗಳು ಅಳಿಯ ಮೇಲಿನ ಮನೆಯಲ್ಲಿ, ಇವರಿಬ್ಬರು ಕೆಳಗಿನ ಎರಡು ಕೋಣೆಗಳಲ್ಲಿ.

ಲಾಂಡ್ರಿಯಲ್ಲಿ ಅವರ ಜಾಗ ಮಡಚುವ ಕೋಣೆ. ಒಗೆದು, ಒಣಗಿಸಿ, ಬಿಸಿ ರೋಲರಿನ ಕೆಳಗೆ ಹಾಯಿಸಿದ ಹಾಸಿಗೆಯ ಬಟ್ಟೆಗಳೆಲ್ಲ ತಳ್ಳುಗಾಡಿಯಲ್ಲಿ ಅಲ್ಲಿಗೆ ಬರುತ್ತಿದ್ದವು. ಒಂದು ಬಟ್ಟೆಗೆ ಇಬ್ಬರು. ತಲೆ ಹಿಡಿದವಳು ನಿಂತಲ್ಲೇ ನಿಲ್ಲುತ್ತಾಳೆ. ತುದಿ ಹಿಡಿದವಳು ತನ್ನ ಎರಡು ಮೂಲೆಗಳನ್ನು ಎತ್ತಿಕೊಂಡು ಇವಳ ಕಡೆಗೆ ನಡೆದು ಬರುತ್ತಾಳೆ, ಮೂಲೆಗೆ ಮೂಲೆ ಸೇರಿಸುತ್ತಾಳೆ, ಮಡಿಕೆ ಹಿಡಿದು ಹಿಂದಕ್ಕೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ. ದಿನವಿಡೀ ಇದೇ ಹೋಗುವುದು, ಬರುವುದು.

ಹಾಡು ಹುಟ್ಟಿದ್ದು ಈ ನಡಿಗೆಯಲ್ಲಿ. ತಲೆ ಹಿಡಿದವಳು ಒಂದು ಸಾಲು ಎತ್ತುತ್ತಾಳೆ. ತುದಿಯವಳು ಹತ್ತಿರ ಬರುವ ಹೊತ್ತಿಗೆ ಸಾಲನ್ನು ಅರ್ಧಕ್ಕೆ ಬಿಟ್ಟು ಬಾಯಿ ಮುಚ್ಚುತ್ತಾಳೆ. ಮೂಲೆಗೆ ಮೂಲೆ ಕೂಡುವಾಗ ತುದಿಯವಳು ಸಾಲಿನ ಉಳಿದರ್ಧವನ್ನು ಹೇಳಿ ಮುಗಿಸುತ್ತಾಳೆ. ತಲೆಯ ಸಾಲು ಎಂದಿಗೂ ಅದೇ. ಅದು ಎಲ್ಲರಿಗೂ ಗೊತ್ತು. ತುದಿ ಮಾತ್ರ ಆ ದಿನದ್ದು, ಆ ಹೊತ್ತಿನದು, ಹೇಳುವವಳ ಸ್ವಂತದ್ದು. ತಲೆ ಹಿಡಿದವಳೇ ತುದಿಯನ್ನೂ ಹಾಡಿಬಿಟ್ಟರೆ ಕೋಣೆಯ ಆಚೆ ಬದಿಯಿಂದ ಯಾರಾದರೂ ಕೂಗುತ್ತಿದ್ದರು: "ಏನೇ, ಇವತ್ತು ಒಬ್ಬಳೇ ಮಡಚ್ತೀಯಾ?" ಅದು ಅಲ್ಲಿ ದೊಡ್ಡ ಅವಮಾನ.

ದೊಡ್ಡಕ್ಕ ಸದಾ ತಲೆ. ಅವಳ ಕಂಠ ತಿಳಿ, ಉದ್ದಕ್ಕೆ ಎಳೆದರೂ ಅಲುಗದು. ಸಣ್ಣಕ್ಕ ಸದಾ ತುದಿ. ಅವಳ ದನಿ ದಪ್ಪ, ಸ್ವಲ್ಪ ಒರಟು; ಆದರೆ ಕೋಣೆಯವರೆಲ್ಲ ಕೈ ನಿಲ್ಲಿಸಿ ಕಾಯುತ್ತಿದ್ದದ್ದು ಅವಳ ತುದಿಗೆ. "ಹಾಸಿದ ಬಟ್ಟೆ ಬಿಸಿಲಿಗೆ ಒಣಗಿತು" ಎಂದು ದೊಡ್ಡಕ್ಕ ಎಳೆದು ಬಿಟ್ಟರೆ, ಕೆಲಸ ಮಾಡದೆಯೇ ಅಂಗಿ ನೆನೆಸಿಕೊಳ್ಳುತ್ತಿದ್ದ ಸೂಪರ್‌ವೈಸರ್ ಸಾಹೇಬನನ್ನು ಓರೆಗಣ್ಣಲ್ಲಿ ನೋಡಿ ಸಣ್ಣಕ್ಕ ಮುಗಿಸುತ್ತಿದ್ದಳು: "ಕೂತಲ್ಲೇ ಸಾಹೇಬ ಬೆವೆತಾನು." ನಗು ರೋಲರಿನ ಕೋಣೆಯವರೆಗೂ ಹೋಗುತ್ತಿತ್ತು. ಸಾಹೇಬ ಎದ್ದು ಬಂದರೆ ಎಲ್ಲರ ಕಣ್ಣೂ ಬಟ್ಟೆಯ ಮೇಲೆ.

ಶಸ್ತ್ರಚಿಕಿತ್ಸೆಯಾದ ಮೇಲೆ ಮನೆಯಲ್ಲಿ ಹಾಡು ನಿಂತುಹೋಯಿತು. ಯಾರೂ ನಿಲ್ಲಿಸು ಎನ್ನಲಿಲ್ಲ. ದೊಡ್ಡಕ್ಕ ಪಾತ್ರೆ ತೊಳೆಯುತ್ತ ಅಭ್ಯಾಸಬಲದಿಂದ ಒಂದು ಸಾಲು ಎತ್ತಿ, ಅರ್ಧಕ್ಕೆ ಬಿಟ್ಟು, ಆ ಕಡೆಯಿಂದ ಏನೂ ಬಾರದೆ, ನೀರಿನ ಸದ್ದನ್ನಷ್ಟೇ ಕೇಳುತ್ತ ನಿಂತಳು. ಎರಡು ಸಲ ಹಾಗಾದ ಮೇಲೆ ಅವಳು ಹಾಡನ್ನೇ ಬಿಟ್ಟಳು. ಆಸ್ಪತ್ರೆಯವರು ಕುತ್ತಿಗೆಗೆ ಒತ್ತಿಕೊಂಡು ಮಾತಾಡುವ ಒಂದು ಸಣ್ಣ ಯಂತ್ರ ಕೊಟ್ಟಿದ್ದರು. ಸಣ್ಣಕ್ಕ ಅದನ್ನು ಒಮ್ಮೆ ಒತ್ತಿ ನೋಡಿ, "ಡಬ್ಬಿಯೊಳಗೆ ದುಂಬಿ ಬಿದ್ದ ಹಾಗಿದೆ" ಎಂದು ತುಟಿಯಾಡಿಸಿ, ಕಪಾಟಿನ ಮೇಲಿಟ್ಟವಳು ಮತ್ತೆ ಮುಟ್ಟಲಿಲ್ಲ. ಬರೆಯುವುದೂ ಅವಳಿಗೆ ಒಗ್ಗದು. ತನಗೆ ಮಾತು ಬೇಡವಾದಾಗ ಅವಳು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ತುಟಿ ಕಾಣದಿದ್ದರೆ ಮಾತು ಮುಗಿದಂತೆ.

ಅಳಿಯ ಲಿಫ್ಟ್ ರಿಪೇರಿಯ ಮೆಕ್ಯಾನಿಕ್. ವಾರವೆಲ್ಲ ಬೇರೆಯವರ ಕಟ್ಟಡಗಳಲ್ಲಿ ಹಗ್ಗ, ಮೋಟಾರು, ಎಣ್ಣೆ. ಭಾನುವಾರ ಮಧ್ಯಾಹ್ನ ಮಾತ್ರ ಅವನ ಸ್ವಂತ. ಮೇಲಿನ ಮನೆಯ ಸಾಮಾನು ಕೋಣೆಯಲ್ಲಿ ಅವನು ಹಾಡು ಧ್ವನಿಮುದ್ರಿಸುವ ಒಂದು ಏರ್ಪಾಡು ಮಾಡಿಕೊಂಡಿದ್ದ. ಗೋಡೆಗಳಿಗೆ ಹಳೆಯ ರಗ್ಗು, ಬಾಗಿಲಿನ ಸಂದಿಗೆ ಸ್ಪಂಜು, ಲಿಫ್ಟಿನ ಹಳೇ ಸರಳನ್ನು ಬಗ್ಗಿಸಿ ಮಾಡಿದ ಮೈಕಿನ ಕಂಬ, ಮೂಲೆಯಲ್ಲಿ ಒಂದು ಕೀಬೋರ್ಡು, ಒಂದು ಕಂಪ್ಯೂಟರ್. ಹಾಡುವಾಗ ಫ್ಯಾನು, ಫ್ರಿಜ್ಜು ಎರಡೂ ಆರಿಸಬೇಕು. ಹೆಂಡತಿ ಹೊರಗಿನಿಂದ, "ಹಾಲು ಒಡೆದ್ರೆ ನಿಮ್ಮ ಹಾಡಲ್ಲೇ ಕಾಫಿ ಮಾಡ್ಕೊಳ್ಳಿ" ಎಂದು ಗದರುತ್ತಿದ್ದಳು.

ಒಂದು ಭಾನುವಾರ ದೊಡ್ಡಕ್ಕ ಏನೋ ಕೊಡಲು ಮೇಲೆ ಹೋದಾಗ ಆ ಕೋಣೆಯಿಂದ ನಾಲ್ಕೈದು ಹೆಂಗಸರು ಒಟ್ಟಿಗೆ ಹಾಡುವುದು ಕೇಳಿಸಿತು. ಇಣುಕಿದರೆ ಅಳಿಯ ಒಬ್ಬನೇ ಕೂತಿದ್ದ.

"ಯಾರಪ್ಪಾ ಇವರೆಲ್ಲ?"

"ಯಾರೂ ಅಲ್ಲ ಅತ್ತೆ. ಕಂಪ್ಯೂಟರ್ರೇ. ನಾನು ಮುಖ್ಯ ಹಾಡು ಹಾಡಿ ಕೊಟ್ರೆ, ಅದೇ ಪದ, ಅದೇ ರಾಗ ಹಿಡಿದು ಹಿಂದಿನಿಂದ ಕೂಡಿ ಹಾಡುತ್ತೆ. ಎಷ್ಟು ಜನ ಬೇಕೋ ಅಷ್ಟು ಜನ."

"ಒಬ್ಬಳೇ ಸಾಕು ಅಂದ್ರೆ?"

"ಒಬ್ಬಳೇ ಬರ್ತಾಳೆ."

ದೊಡ್ಡಕ್ಕ ತಂದದ್ದನ್ನು ಕೊಡುವುದನ್ನೂ ಮರೆತು ಅಲ್ಲಿಯೇ ನಿಂತಳು. ಸಣ್ಣಕ್ಕನ ದನಿ ಮತ್ತೆ ಸಿಗದು ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಹಾಡಿನಲ್ಲಿ ಸಣ್ಣಕ್ಕನ ಜಾಗ ಎಂಬುದೊಂದಿತ್ತು. ಆ ಜಾಗ ಖಾಲಿ ಬಿದ್ದಿತ್ತು. ಲಾಂಡ್ರಿಯಲ್ಲೂ ಈಗ ಮಡಚುವುದಕ್ಕೆ ಯಂತ್ರ ಬಂದು ಹಾಡು ಇಲ್ಲವಾಗಿತ್ತು. ಅಲ್ಲಿನ ಹಳೇ ಗೆಳತಿಯರು ಫೋನಿನ ಗುಂಪಿನಲ್ಲಿ, "ದೊಡ್ಡಕ್ಕಾ, ಮಡಚೋ ಹಾಡು ಯಾರ ಹತ್ರಾನೂ ಇಲ್ಲ, ಒಂದ್ಸಲ ಹಾಡಿ ಕಳಿಸು" ಎಂದು ಪೀಡಿಸುತ್ತಿದ್ದರು. ಅರ್ಧ ಹಾಡನ್ನು ಹೇಗೆ ಕಳಿಸುವುದೆಂದು ಅವಳು ಸುಮ್ಮನಿದ್ದಳು.

ಕೆಳಗೆ ಬಂದು ಸಣ್ಣಕ್ಕನಿಗೆ ಹೇಳಿದಳು. ಸಣ್ಣಕ್ಕನ ತುಟಿ ಆಡಿತು: "ನನ್ನ ಜಾಗಕ್ಕೆ ಆಳು ಇಡ್ತಿದ್ದೀಯಾ?"

"ಆಳಲ್ಲ ಕಣೇ. ಗಂಟಲು. ಮಾತು ನಿಂದೇ."

"ಮಾತು ನಂದೇನಾ?"

"ನಿಂದೇ."

ಸಣ್ಣಕ್ಕ ಹುಬ್ಬು ಹಾರಿಸಿದಳು. "ಹಾಡ್ಸು, ನೋಡೋಣ."

ಮುಂದಿನ ಭಾನುವಾರ ಇಬ್ಬರೂ ಮೆಟ್ಟಿಲು ಹತ್ತಿದರು. ಸಣ್ಣಕ್ಕನನ್ನು ಅಳಿಯ ಕುರ್ಚಿಯಲ್ಲಿ ಕೂರಿಸಿದ. ಮೊದಲ ಕೆಲಸ ದನಿ ಆರಿಸುವುದು. ಕಂಪ್ಯೂಟರಿನಲ್ಲಿ ಎಷ್ಟೋ ಬಗೆಯ ಹೆಣ್ಣುದನಿಗಳಿದ್ದವು. ಅಳಿಯ ಒಂದೊಂದನ್ನೇ ಕೇಳಿಸಿದ. ಸಣ್ಣಕ್ಕನ ತುಟಿ, ಅದರ ಹಿಂದೆ ದೊಡ್ಡಕ್ಕನ ಬಾಯಿ.

"ಈ ದನಿಯವಳು ಬೇಡ ಅಂತಾಳೆ. ಜೀವಮಾನದಲ್ಲಿ ಒಂದ್ಸಲಾನೂ ಇವಳಿಗೆ ಶೀತ ಆಗಿಲ್ವಂತೆ."

"ಇದು, ಚಿಕ್ಕತ್ತೆ?"

"ಇವಳಿಗೆ ಎಲ್ಲಾ ಇಷ್ಟವಂತೆ. ಎಲ್ಲಾ ಇಷ್ಟ ಅನ್ನೋರನ್ನ ನಂಬಬಾರದಂತೆ."

ಕಡೆಗೆ ಒಂದು ದನಿ ಬಂತು. ತುಸು ದಪ್ಪ, ತುಸು ಮಂಕು. ಸಣ್ಣಕ್ಕ ಕಣ್ಣು ಮುಚ್ಚಿ ಕೇಳಿದಳು. ಅವಳ ತುಟಿಯನ್ನು ನೋಡಿ ದೊಡ್ಡಕ್ಕ ಮೆಲ್ಲಗೆ ಹೇಳಿದಳು: "ಇವಳು ಬಟ್ಟೆ ಒಗೆದಿದ್ದಾಳೆ ಅಂತಾಳೆ. ಇವಳಿರ್ಲಿ."

ದೊಡ್ಡಕ್ಕ ಮೈಕಿನ ಮುಂದೆ ನಿಂತು ಹಾಡಿದಳು. ದನಿ ಮೊದಲ ಸಾಲಿನಲ್ಲಿ ನಡುಗಿತು, ಎರಡನೆಯದರಲ್ಲಿ ಸ್ಥಿರವಾಯಿತು. ಹಾಡಿನ ನಾಲ್ಕು ಸಾಲನ್ನೂ ಹಾಡಿ ಮುಗಿಸಿ, ಬೆವರು ಒರೆಸಿಕೊಂಡು ಕೂತಳು. ಅಳಿಯ ಏನೇನೋ ಒತ್ತಿದ. ಕೇಳಿಸಿದ.

ದೊಡ್ಡಕ್ಕನ ದನಿ ಹೊರಟಿತು. ಅದರ ಬೆನ್ನಿಗೆ ಆ ದಪ್ಪ ದನಿ, ಅದೇ ಪದ, ಅದೇ ರಾಗ, ಒಂದು ಹೆಜ್ಜೆಯೂ ತಪ್ಪದೆ. ಸಾಲು ಅರ್ಧಕ್ಕೆ ಬಂತು. ದೊಡ್ಡಕ್ಕ ನಿಂತಳು. ಆ ದನಿಯೂ ನಿಂತಿತು. ಇಬ್ಬರೂ ಸುಮ್ಮನೆ. ಆಮೇಲೆ ಮುಂದಿನ ಸಾಲು ಇಬ್ಬರೂ ಕೂಡಿ. ಮತ್ತೆ ಅರ್ಧಕ್ಕೆ ಇಬ್ಬರೂ ಸುಮ್ಮನೆ.

ಸಣ್ಣಕ್ಕ ನಗತೊಡಗಿದಳು. ಅವಳ ನಗುವಿಗೆ ಸದ್ದಿಲ್ಲ. ಕುತ್ತಿಗೆಯ ಬಟ್ಟೆ ಪಟಪಟ ಹಾರಿತು. "ಇಬ್ಬರೂ ತಲೆ ಹಿಡ್ಕೊಂಡು ನಿಂತಿದ್ದೀರಲ್ಲೇ. ಬಟ್ಟೆ ನೆಲದ ಮೇಲಿದೆ."

ಅಳಿಯನಿಗೆ ಅರ್ಥವಾಗಲಿಲ್ಲ. "ಅತ್ತೆ, ಸಾಲು ಪೂರ್ತಿ ಹಾಡಿ. ನೀವು ಹಾಡದ್ದನ್ನ ಅದು ಹಾಡೋದಿಲ್ಲ."

"ಅಲ್ಲಿಗೇ ನನ್ನದು ಮುಗೀತಲ್ಲಪ್ಪಾ."

"ಮುಗೀಲಿಲ್ಲ. ಅರ್ಧಕ್ಕೆ ಬಿಟ್ರಿ."

ದೊಡ್ಡಕ್ಕ ಮತ್ತೆ ಎದ್ದಳು. ಈ ಸಲ ತುದಿಯನ್ನೂ ಹಾಡಲೇಬೇಕೆಂದು ಗಟ್ಟಿ ಮನಸ್ಸು ಮಾಡಿದಳು. ಸಾಲು ಅರ್ಧಕ್ಕೆ ಬಂದ ಕೂಡಲೇ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ಯಾರೋ ಒಳಗಿನಿಂದ ಬಾಗಿಲು ಹಾಕಿದ ಹಾಗೆ. ಎಷ್ಟು ಸಲ ಹಾಡಿದರೂ ಅಷ್ಟೇ. ಕೊನೆಗೆ ಅಳಿಯ, "ಹೋಗ್ಲಿ, ಮುಂದಿನ ವಾರಕ್ಕೆ ತುದಿಗಳನ್ನ ಬೇರೆಯಾಗಿ ಕಲ್ತುಕೊಂಡು ಬನ್ನಿ. ತುದಿ ಮಾತ್ರ ಹಾಡಿ. ನಿಮ್ಮ ದನಿ ತೆಗೆದು ಚಿಕ್ಕತ್ತೆ ಆರಿಸಿದ ದನಿ ನಾನು ಕೂರಿಸ್ತೀನಿ" ಎಂದ.

ಆ ವಾರವೆಲ್ಲ ದೊಡ್ಡಕ್ಕ ಅಡುಗೆಮನೆಯಲ್ಲಿ ತುದಿಗಳನ್ನು ಕಲಿತಳು. ಸಣ್ಣಕ್ಕ ಎಷ್ಟೋ ವರ್ಷ ಎಷ್ಟೋ ತುದಿಗಳನ್ನು ಹೇಳಿದ್ದಳು. ಅವುಗಳಲ್ಲಿ ಯಾವುದನ್ನು ಹಾಕುವುದು? ಓರಗಿತ್ತಿಯನ್ನು ಕೇಳಬೇಕಾದದ್ದು ನ್ಯಾಯ. ದೊಡ್ಡಕ್ಕ ಕೇಳಲಿಲ್ಲ. ಸಾಹೇಬ ಮುದುಕನಾಗಿದ್ದಾನೆ, ಅವನ ಸೊಸೆ ಅದೇ ಫೋನಿನ ಗುಂಪಿನಲ್ಲಿದ್ದಾಳೆ, ಪಾಪ, ಯಾಕೆ ಎಂದುಕೊಂಡು ಬೆವರಿನ ಜಾಗಕ್ಕೆ "ತಂಗಾಳಿ ಬೀಸಿ ತಂಪಾಯ್ತು" ಎಂದು ಸೇರಿಸಿದಳು. "ನಾಲ್ಕು ಮೂಲೆ ಸೇರಿಸಿ ನಡುವನು ನೀವಿದೆ" ಎಂಬ ಎರಡನೆಯ ಸಾಲಿಗೆ ಸಣ್ಣಕ್ಕನ ಹಳೆಯ ತುದಿಯನ್ನೇ ಇಟ್ಟಳು: "ನನ್ನ ನಡುವ ನೀವೋರ್ಯಾರು." ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. "ರಾಶಿ ಬೆಳೆದು ಸೂರಿಗೆ ಮುಟ್ಟಿತು" ಎಂಬ ಮೂರನೆಯ ಸಾಲಿಗೆ ಬಂದಾಗ ಅವಳ ಕೈ ಕೆಲಸ ನಿಲ್ಲಿಸಿತು. ಆಮೇಲೆ "ಮನೆಗೆ ಹೋಗೋ ಹೊತ್ತಾಯ್ತು" ಎಂದು ಹೊಂದಿಸಿದಳು.

ಭಾನುವಾರ ತುದಿಗಳನ್ನಷ್ಟೇ ಹಾಡಿದಳು. ತುದಿ ಮಾತ್ರವಾದರೆ ಬಾಯಿ ಕಟ್ಟಲಿಲ್ಲ. ಅಳಿಯ ಅದನ್ನು ಆ ದಪ್ಪ ದನಿಗೆ ತಿರುಗಿಸಿ, ಜಾಗಕ್ಕೆ ಜಾಗ ಕೂಡಿಸಿ, ಸಣ್ಣಕ್ಕನ ಕಿವಿಗೆ ಹೆಡ್‌ಫೋನ್ ಹಾಕಿದ. ದೊಡ್ಡಕ್ಕ ಅವಳ ಮುಖ ನೋಡುತ್ತ ಕೂತಳು. ಮೊದಲ ತುದಿಗೆ ಸಣ್ಣಕ್ಕನ ಮೂಗು ಸುಕ್ಕಾಯಿತು. ಎರಡನೆಯದಕ್ಕೆ ಮುಖ ಸಡಿಲಾಯಿತು. ಕೈ ಮೇಲೆದ್ದು ಗಾಳಿಯಲ್ಲಿ ಎರಡು ಮೂಲೆ ಹಿಡಿದಂತೆ ನಿಂತಿತು. ಮೂರನೆಯ ತುದಿ ಬಂತು. ಕೈ ಕೆಳಗಿಳಿಯಿತು. ಅವಳು ಹೆಡ್‌ಫೋನನ್ನು ನಿಧಾನವಾಗಿ ತೆಗೆದು, ವೈರು ಸುತ್ತಿ, ಮೇಜಿನ ಮೇಲಿಟ್ಟು, ಮೆಟ್ಟಿಲಿಳಿದು ಹೋದಳು. ದೊಡ್ಡಕ್ಕ ಹಿಂದೆಯೇ ಹೋದಾಗ ಅವಳು ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಎರಡು ದಿನ ಆ ಮುಖ ತಿರುಗಲಿಲ್ಲ. ಊಟಕ್ಕೆ ಎದ್ದಳು, ತಟ್ಟೆ ನೋಡಿಕೊಂಡು ತಿಂದಳು. "ಏನಾಯ್ತು ಅಂತ ಹೇಳೇ" ಎಂದು ದೊಡ್ಡಕ್ಕ ಕೇಳಿದಳು. ಏನಾಯಿತೆಂದು ಅವಳಿಗೆ ಗೊತ್ತಿತ್ತು.

ಅದು ಅವರ ಲಾಂಡ್ರಿ ಕೆಲಸದ ಕೊನೆಯ ವರ್ಷದ ಮಾತು. ಸಣ್ಣಕ್ಕ ಮೊದಲು ಮನೆಯಲ್ಲಿಯೇ ಹೇಳಿದ್ದಳು: "ಅಕ್ಕ, ನುಂಗುವಾಗ ಏನೋ ಮುಳ್ಳು ಚುಚ್ಚಿದ ಹಾಗಾಗುತ್ತೆ." ದೊಡ್ಡಕ್ಕ, "ಆ ಒಗೆಯೋ ಸೋಡಾದ ಹೊಗೆಗೆ ಎಲ್ಲರಿಗೂ ಹಾಗೇ ಕಣೇ, ಬಿಸಿನೀರು ಕುಡಿ" ಎಂದಳು. ಇನ್ನೊಂದು ಸಲ ಹೇಳಿದಾಗ, "ಈ ಹಂಗಾಮು ಮುಗೀಲಿ, ರಜ ಹಾಕಿ ತೋರಿಸೋಣ" ಎಂದಳು. ಹೋಟೆಲುಗಳು ತುಂಬಿದ್ದ ಕಾಲ. ಬಟ್ಟೆ ಗಾಡಿಗಟ್ಟಲೆ ಬರುತ್ತಿತ್ತು. ಮೂರನೆಯ ಸಲ ಸಣ್ಣಕ್ಕ ಹೇಳಲಿಲ್ಲ, ಹಾಡಿದಳು. ರಾಶಿಯ ಸಾಲನ್ನು ದೊಡ್ಡಕ್ಕ ಎಳೆದು ಬಿಟ್ಟಾಗ ಮೂಲೆಗೆ ಮೂಲೆ ತಂದು, ಎದುರೆದುರು ನಿಂತು, ತುದಿ ಹೇಳಿದಳು: "ಗಂಟಲ ಮುಳ್ಳು ಹೇಳಿದರೂ ಮಡಚು ಅಂದೆಯಲ್ಲೇ ಅಕ್ಕ."

ಕೋಣೆಯೆಲ್ಲ ನಕ್ಕಿತು. ಅವಳ ಯಾವ ತುದಿಗೆ ನಕ್ಕಿರಲಿಲ್ಲ? ದೊಡ್ಡಕ್ಕ ನಗಲಿಲ್ಲ. ಮಡಚಿದ್ದನ್ನು ರಾಶಿಗೆ ಎಸೆದು, ಹೊಸ ಬಟ್ಟೆಯ ತಲೆ ಹಿಡಿದು, ಉಸಿರು ಬಿಡದೆ ಮುಂದಿನ ಸಾಲು ಎತ್ತಿದಳು: "ಗಾಡಿಯ ಗಂಟೆ ಬಾಗಿಲಲಿ ಕೇಳಿತು." ಹಂಗಾಮು ಮುಗಿದು ಆಸ್ಪತ್ರೆಗೆ ಹೋದಾಗ ಡಾಕ್ಟರು ಸ್ಕ್ಯಾನಿನ ಚಿತ್ರ ನೋಡಿ, "ಸ್ವಲ್ಪ ಮೊದಲೇ ಬಂದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು.

ಮೂರನೆಯ ದಿನ ಒಗೆದ ಬಟ್ಟೆ ಮಾಳಿಗೆಯ ಮೇಲೆ ಒಣಗಿತ್ತು. ದೊಡ್ಡ ಹಾಸಿಗೆಬಟ್ಟೆಯನ್ನು ಒಬ್ಬರೇ ಮಡಚಲಾಗದು. ದೊಡ್ಡಕ್ಕ ಒಂದು ಕಡೆ ಹಿಡಿದು ನಿಂತಳು. ಸಣ್ಣಕ್ಕ ಬಂದು ತುದಿ ಹಿಡಿದಳು. ಮೂಲೆ ಎತ್ತಿಕೊಂಡು ನಡೆದು ಬಂದಳು. ಮೂಲೆಗೆ ಮೂಲೆ ಕೂಡಿ ಮುಖಕ್ಕೆ ಮುಖ ಎದುರಾದಾಗ ಅವಳ ತುಟಿ ಆಡಿತು. ಹಾಡಿನ ನಿಧಾನದಲ್ಲಿ, ಒಂದೊಂದೇ ಪದ.

"ಬಿಸಿಲು ಕಣ್ಣಿಗೆ ಹೊಡೀತಿದೆ. ಕಾಣಿಸ್ಲಿಲ್ಲ" ಎಂದಳು ದೊಡ್ಡಕ್ಕ.

ಸಣ್ಣಕ್ಕ ಮೂಲೆ ಬಿಡಲಿಲ್ಲ. ಒಂದು ಹೆಜ್ಜೆ ಸರಿದು ತನ್ನ ನೆರಳು ದೊಡ್ಡಕ್ಕನ ಮೇಲೆ ಬೀಳುವ ಹಾಗೆ ನಿಂತು, ಮತ್ತೆ ಹೇಳಿದಳು.

"ಕಾಣಿಸ್ತು ಬಿಡೇ."

"ಅದನ್ನ ಹಾಕು."

"ಹಾಡಿಗೆ ಹಾಕಿದ್ರೆ ಎಲ್ಲರೂ ಕೇಳ್ತಾರೆ."

"ಅವತ್ತೂ ಎಲ್ಲರೂ ಕೇಳಿದ್ರು."

"ಅವತ್ತು ನಗ್ತಾ ಕೇಳಿದ್ರು. ತಮಾಷೆ ಅಂದ್ಕೊಂಡ್ರು."

"ನೀನು?"

ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ದೊಡ್ಡಕ್ಕ ಬಟ್ಟೆಯ ಅಂಚನ್ನು ನೋಡುತ್ತ ಹೇಳಿದಳು: "ನಾನು ನಗ್ಲಿಲ್ಲ ಕಣೇ."

"ಹೌದು. ನೀನೊಬ್ಬಳೇ ನಗ್ಲಿಲ್ಲ. ಅದಕ್ಕೇ ಹಾಕು ಅಂತಿರೋದು."

ದೊಡ್ಡಕ್ಕ ಬಟ್ಟೆಯ ಮಡಿಕೆಯನ್ನು ಎಳೆದು ಸರಿಮಾಡಿದಳು. "ಬೇರೆ ಏನಾದ್ರೂ ಕೇಳೇ. ಕಾಲಿಗೆ ಬೀಳು ಅನ್ನು, ಬೀಳ್ತೀನಿ."

"ನನ್ನ ಕಾಲು ಸ್ವಚ್ಛವಾಗೇ ಇದೆ, ನೀನು ಒರೆಸ್ಬೇಕಾಗಿಲ್ಲ" ಎಂದಿತು ಸಣ್ಣಕ್ಕನ ತುಟಿ. ಆಮೇಲೆ ಅದು ನಿಧಾನವಾಯಿತು. "ಮಾತು ನಿಂದೇ ಅಂದೆ. ಗಂಟಲು ಮಾತ್ರ ಬೇರೆ ಅಂದೆ. ಮಾತೂ ಬೇರೆಯಾದ್ರೆ ಅಲ್ಲಿ ನಾನೆಲ್ಲಿದ್ದೀನಿ? ಅವಳೊಬ್ಬಳು ಯಾರೋ, ನೀನೊಬ್ಬಳು. ಇಬ್ಬರೂ ಹಾಡ್ಕೊಳ್ಳಿ."

ಮಡಚಿದ ಬಟ್ಟೆಯನ್ನು ದೊಡ್ಡಕ್ಕನ ಕೈಗಿಟ್ಟು ಅವಳು ಕೆಳಗೆ ಹೋದಳು. ದೊಡ್ಡಕ್ಕ ಬಿಸಿಲಲ್ಲೇ ನಿಂತು, ಒಂದು ಸಲ ತುಟಿ ಆಡಿಸಿ ಆ ತುದಿಯನ್ನು ದನಿಯಿಲ್ಲದೆ ಹೇಳಿ ನೋಡಿದಳು. ದನಿಯಿಲ್ಲದೆಯೂ ಅದು ಭಾರವಾಗಿಯೇ ಇತ್ತು.

ಭಾನುವಾರ ಅಳಿಯ ಫ್ಯಾನು ಆರಿಸಿ, ಫ್ರಿಜ್ಜು ಆರಿಸಿ, ಬಾಗಿಲು ಹಾಕಿದ. ಈ ಸಲ ಸಣ್ಣಕ್ಕ ಕುರ್ಚಿಯಲ್ಲಿ ಕೂರದೆ ಮೈಕಿನ ಆಚೆಗೆ, ದೊಡ್ಡಕ್ಕನಿಗೆ ಎದುರಾಗಿ ನಿಂತಳು. ದೊಡ್ಡಕ್ಕ ಹೇಳಿದಳು: "ಬಿಡಿಬಿಡಿಯಾಗಿ ಬೇಡಪ್ಪಾ. ತಲೆ ತುದಿ ಎರಡನ್ನೂ ಒಟ್ಟಿಗೇ ಹಾಡ್ತೀನಿ. ತುದಿ ಯಾವುದು ಅಂತ ನಿಮಗೆ ಗೊತ್ತಾಗುತ್ತೆ. ಅದನ್ನ ಅವಳು ಆರಿಸಿದ ದನಿಗೆ ಹಾಕಿ."

ಮೊದಲ ಸಾಲು ಎತ್ತಿದಳು. ಅರ್ಧಕ್ಕೆ ಬಾಯಿ ಮುಚ್ಚಿಕೊಳ್ಳುವ ಹೊತ್ತಿಗೆ ಎದುರಿನ ತುಟಿ ಆಡಿತು. ದೊಡ್ಡಕ್ಕ ಆ ತುಟಿಯನ್ನೇ ಹಿಡಿದು ಹಾಡಿದಳು, ಬಾಯಿ ತೆರೆಯಿತು. ಸಾಹೇಬನ ಬೆವರು ಇದ್ದ ಹಾಗೆಯೇ ಬಂತು. ಅಳಿಯ ನಗು ತಡೆಯಲು ಮುಷ್ಟಿ ಕಚ್ಚಿಕೊಂಡ. ಎರಡನೆಯದೂ ಬಂತು. ಮೂರನೆಯ ಸಾಲಿನ ರಾಶಿ ಸೂರಿಗೆ ಮುಟ್ಟಿತು. ಸಣ್ಣಕ್ಕನ ತುಟಿ ಆಡಿತು. ದೊಡ್ಡಕ್ಕ ಹಾಡಿದಳು: "ಗಂಟಲ ಮುಳ್ಳು ಹೇಳಿದರೂ ಮಡಚು ಅಂದೆಯಲ್ಲೇ..."

ಅಷ್ಟಕ್ಕೆ ನಿಲ್ಲಿಸಿದಳು. ಸಣ್ಣಕ್ಕ ಕೈ ಎತ್ತಿ ಮೈಕನ್ನು ಮುಚ್ಚಿದಳು.

"ಒಂದು ಪದ ಅಲ್ವೇನೇ ಬಿಟ್ಟಿದ್ದು" ಎಂದಳು ದೊಡ್ಡಕ್ಕ. "ಅದಿಲ್ಲದೆಯೂ ಅರ್ಥ ಆಗುತ್ತೆ."

ಸಣ್ಣಕ್ಕ ಇಲ್ಲವೆಂದು ತಲೆಯಾಡಿಸಿದಳು. ಅದಿಲ್ಲದೆ ಆ ಮಾತನ್ನು ಯಾರಿಗಾದರೂ ಹೇಳಿರಬಹುದು. ಸಾಹೇಬನಿಗೆ, ಲಾಂಡ್ರಿಗೆ, ಗಾಳಿಗೆ.

ಅಳಿಯ ಇಬ್ಬರನ್ನೂ ನೋಡಿದ. ಅವನಿಗೆ ಈಗ ಅರ್ಥವಾಗಿತ್ತು. "ಅತ್ತೆ, ಇದು ಬೇಕಾ? ಹಾಡು ಅಷ್ಟೇ ತಾನೇ. ಬೇರೆ ಏನಾದ್ರೂ..."

"ಬೇರೆ ಇಲ್ಲಪ್ಪಾ. ಅದು ನನ್ನ ಮಾತಲ್ಲ, ಅವಳದು. ಮತ್ತೆ ಶುರು ಮಾಡಿ."

ಅವಳು ಮೊದಲಿನಿಂದ ಹಾಡಿದಳು. ಒಣಗುವುದು, ನೀವುವುದು, ರಾಶಿ. ಎದುರಿನ ತುಟಿಯಿಂದ ಕಣ್ಣು ತೆಗೆಯಲಿಲ್ಲ. ತುದಿಯನ್ನು ಹಾಡಿದಳು, ಕೊನೆಯ "ಅಕ್ಕ" ಸೇರಿಸಿ. ಹಾಡುವಾಗ ಅವಳ ತಿಳಿಯಾದ ಕಂಠ ಒರಟಾಗಿ, ಯಾರದೋ ಕಂಠದಂತೆ ಕೇಳಿಸಿತು.

ಅದಾದ ಮೇಲೆ ಗಾಡಿಯ ಗಂಟೆಯ ಸಾಲು ಬರಬೇಕು. ಅವತ್ತು ಲಾಂಡ್ರಿಯಲ್ಲಿ ಅದು ಉಸಿರು ಬಿಡದೆ ಬಂದಿತ್ತು. ಅಳಿಯ ಬೆರಳೆತ್ತಿ ಸನ್ನೆ ಮಾಡಿದ. ದೊಡ್ಡಕ್ಕ ಹಾಡಲಿಲ್ಲ. ಪರದೆಯ ಮೇಲೆ ಅವಳ ದನಿಯ ಗೆರೆ ಏಳದೆ ಬೀಳದೆ ನೆಟ್ಟಗೆ ಓಡುತ್ತಿತ್ತು. ಅವನು ಮತ್ತೆ ಸನ್ನೆ ಮಾಡಿದ. ಅವಳು ಕೈಗಳನ್ನು ಕೆಳಗೆ ಬಿಟ್ಟು, ಓರಗಿತ್ತಿಯ ಮುಖ ನೋಡುತ್ತ ಸುಮ್ಮನೆ ನಿಂತಿದ್ದಳು. ಸಣ್ಣಕ್ಕನೂ ಸುಮ್ಮನೆ ನಿಂತಿದ್ದಳು. ಕುತ್ತಿಗೆಯ ಬಟ್ಟೆ ಮಾತ್ರ ಮೆಲ್ಲಗೆ ಒಳಕ್ಕೆ ಹೊರಕ್ಕೆ ಆಡುತ್ತಿತ್ತು. ಹೊರಗೆ ಮಗಳು ಏನೋ ಇಟ್ಟ ಸದ್ದು, ಆಮೇಲೆ ಅದೂ ಇಲ್ಲ.

ತುಂಬ ಹೊತ್ತಾದ ಮೇಲೆ ಸಣ್ಣಕ್ಕ ಗದ್ದ ಎತ್ತಿದಳು. ಸರಿ, ಮುಂದೆ ಹಾಡು ಎನ್ನುವಂತೆ.

ದೊಡ್ಡಕ್ಕ ಗಾಡಿಯ ಗಂಟೆಯ ಸಾಲನ್ನು ಎತ್ತಿದಳು.

ಅಳಿಯ ತುದಿಗಳನ್ನೆಲ್ಲ ಆ ದಪ್ಪ ದನಿಗೆ ತಿರುಗಿಸಿ ಮುಗಿಸುವ ಹೊತ್ತಿಗೆ ಸಂಜೆಯ ಬಿಸಿಲು ರಗ್ಗಿನ ಮೇಲಿತ್ತು. ಅವನು ಪರದೆಯಲ್ಲಿ ಆ ನೆಟ್ಟಗಿನ ಗೆರೆಯನ್ನು ತೋರಿಸಿ ಕೇಳಿದ: "ಇಷ್ಟುದ್ದ ಖಾಲಿ ಜಾಗ ಇದೆ ಅತ್ತೆ. ಕೇಳೋರು ಹಾಡು ಮುಗೀತು ಅಂದ್ಕೊಂಡು ಆರಿಸಿಬಿಡ್ತಾರೆ. ಕತ್ತರಿಸ್ಲಾ?"

ದೊಡ್ಡಕ್ಕ ಓರಗಿತ್ತಿಯ ಕಡೆ ನೋಡಲಿಲ್ಲ, ಅವಳ ತುಟಿಗೆ ಕಾಯಲಿಲ್ಲ. "ಬೇಡ. ಅದು ಅಷ್ಟೇ ಇರ್ಲಿ" ಎಂದಳು.

ಹಾಡು ಹಾಗೆಯೇ ಫೋನಿನ ಗುಂಪಿಗೆ ಹೋಯಿತು. ಮರುದಿನ ಲಾಂಡ್ರಿಯ ಹಳೇ ಗೆಳತಿಯರಲ್ಲಿ ಒಬ್ಬಳು ಫೋನು ಮಾಡಿ, ಸಾಹೇಬನ ತುದಿಗೆ ತಾನು ಎಷ್ಟು ನಕ್ಕೆನೆಂದು ಹೇಳಿದಳು. ಮೂರನೆಯ ತುದಿಯ ಮಾತು ಅವಳು ಎತ್ತಲಿಲ್ಲ. ಅದಾದ ಮೇಲೆ ಬರುವ ಆ ಮೌನಕ್ಕೆ ಮಾತ್ರ, ಫೋನು ಕೆಟ್ಟಿತೇನೋ ಎಂದು ಎರಡು ಸಲ ಕುಲುಕಿ ನೋಡಿ, ಕಿವಿಗೆ ಇನ್ನೂ ಹತ್ತಿರ ಒತ್ತಿ ಹಿಡಿದಿದ್ದಳಂತೆ.